ಜಲಸಿಂಚಕಗಳ ಪರಿಶೀಲನಾ ವರದಿಯೂ ಅಗ್ನಿಶಾಮಕ ದಳವೂ

‘ಪರೀಕ್ಷೆ’ ಎಂಬುದು ವಿದ್ಯಾಸಂಸ್ಥೆಗಳಲ್ಲಿ ದಿನವೂ ಕಿವಿಗೆ ಬೀಳುವ ಶಬ್ದ. ‘ಪರಿ’ ಎಂದರೆ ಸುತ್ತಲೂ, ‘ಈಕ್ಷಾ’ ಎಂದರೆ ನೋಡುವಿಕೆ. ಒಂದು ವಸ್ತುವನ್ನು ಎಲ್ಲ ಕಡೆಗಳಿಂದಲೂ ನೋಡುವುದೇ ಪರೀಕ್ಷೆ ಎಂದು ಅದರ ವ್ಯುತ್ಪತ್ತ್ಯರ್ಥ. ವಿದ್ಯಾರ್ಥಿಯು ಬರೆದ ಪರೀಕ್ಷೆಯ ಫಲಿತಾಂಶವು ಅವನೊಬ್ಬನ ಕಿಸೆಯಲ್ಲಿ ಉಳಿಯುವುದಿಲ್ಲ. ಅದು ತಂದೆತಾಯಿಗಳಿಗೆ, ಗುರುಗಳಿಗೆ, ಶಿಕ್ಷಣ ಇಲಾಖೆಗೆ ತಲುಪುತ್ತದೆ. ಅವನು ಯಾವ ವಿಷಯದಲ್ಲಿ ಹಿಂದುಳಿದಿದ್ದಾನೆಂಬುದು ಅವನನ್ನು ಮುಂದೆ ತರಬೇಕಾದವರಿಗೆ ತಿಳಿಯದೆ ಹೋದರೆ ಪರೀಕ್ಷೆ ನಡೆದೂ ನಡೆಯದಂತೆಯೇ ಸರಿ.

ಮನುಷ್ಯರಿಗೆ ಇರುವಂತೆ ಕಟ್ಟಡಗಳಿಗೂ ಪರೀಕ್ಷೆಯಿದೆ. ಬೆಂಕಿಯಿಂದ ಜನರನ್ನು ಕಾಪಾಡಲು ಕಟ್ಟಡದಲ್ಲಿ ಅಳವಡಿಸಿದ ಸಾಧನಗಳು ಸುಸ್ಥಿತಿಯಲ್ಲಿವೆಯೇ ಎಂದು ಬಲ್ಲವರು ಕಾಲಕಾಲಕ್ಕೆ ನೋಡಿ ವರದಿ ಬರೆಯುತ್ತಾರೆ. ಆ ವರದಿ ಯಾರ ಕೈ ಸೇರಬೇಕು? ಕಟ್ಟಡದ ಒಡೆಯನ ಕಪಾಟಿನಲ್ಲಿ ಇದ್ದರೆ ಸಾಕೇ, ಅಥವಾ ಬೆಂಕಿ ಬಿದ್ದ ದಿನ ಪ್ರಾಣವನ್ನು ಪಣವಾಗಿಟ್ಟು ಒಳನುಗ್ಗಬೇಕಾದ ಊರಿನ ಅಗ್ನಿಶಾಮಕ ಅಧಿಕಾರಿಗೂ ಅದು ಮುಂಚಿತವಾಗಿಯೇ ತಲುಪಿರಬೇಕೇ? ಈ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ವಿಶೇಷವಾಗಿ ಚರ್ಚಿಸಲಾಗಿದೆ. ನೂರಾರು ಮಕ್ಕಳು ಒಂದೇ ಸೂರಿನಡಿಯಲ್ಲಿ ಓದುವ, ಉಣ್ಣುವ, ಮಲಗುವ ಸಂಸ್ಥೆಗಳನ್ನು ನಡೆಸುವವರಿಗೂ ಅವುಗಳಿಗೆ ದಾನ ನೀಡುವವರಿಗೂ ಇದು ಹೊರಗಿನ ವಿಷಯವಲ್ಲ.

ಜಲಸಿಂಚಕದ ಸ್ವರೂಪ

ದೊಡ್ಡ ಮಳಿಗೆ, ಆಸ್ಪತ್ರೆ, ಉಪಾಹಾರಗೃಹಗಳ ಮಾಳಿಗೆಯ ಒಳಮೈಯಲ್ಲಿ ಅಲ್ಲಲ್ಲಿ ಕಾಣುವ ಹಿತ್ತಾಳೆಯ ಸಣ್ಣ ಮೂತಿಗಳೇ ಸ್ಪ್ರಿಂಕ್ಲರುಗಳು. ಕನ್ನಡದಲ್ಲಿ ಇವನ್ನು ಜಲಸಿಂಚಕಗಳೆನ್ನಬಹುದು. ಅವುಗಳ ಹಿಂದೆ ನೀರು ತುಂಬಿದ ಕೊಳವೆಗಳ ಜಾಲವಿರುತ್ತದೆ. ಪ್ರತಿಯೊಂದು ಮೂತಿಯನ್ನೂ ಒಂದು ಪುಟ್ಟ ಗಾಜಿನ ಬುರುಡೆ ಅಥವಾ ಬೇಗ ಕರಗುವ ಲೋಹದ ಬೆಸುಗೆ ಮುಚ್ಚಿಹಿಡಿದಿರುತ್ತದೆ. ಬುರುಡೆಯೊಳಗಿನ ದ್ರವವು ಕಾವಿಗೆ ಹಿಗ್ಗಿದಾಗ ಗಾಜು ಒಡೆದು ನೀರು ಚಿಮ್ಮುತ್ತದೆ. ದ್ರವದ ಬಣ್ಣವೇ ಅದು ಒಡೆಯುವ ಉಷ್ಣತೆಯನ್ನು ಸೂಚಿಸುತ್ತದೆ: ಕೆಂಪಾದರೆ 68, ಹಳದಿಯಾದರೆ 79, ಹಸಿರಾದರೆ 93 ಡಿಗ್ರಿ ಸೆಲ್ಸಿಯಸ್.

ಚಲನಚಿತ್ರಗಳಲ್ಲಿ ಒಂದು ಬೆಂಕಿಕಡ್ಡಿ ಗೀರಿದೊಡನೆ ಎಲ್ಲ ಮೂತಿಗಳೂ ಒಮ್ಮೆಗೇ ಮಳೆಗರೆಯುವಂತೆ ತೋರಿಸುವುದುಂಟು. ಅದು ಸತ್ಯವಲ್ಲ. ಸಾಮಾನ್ಯ ವ್ಯವಸ್ಥೆಯಲ್ಲಿ ಬೆಂಕಿಯ ಮೇಲ್ಗಡೆ ಕಾವು ತಾಗಿದ ಮೂತಿ ಮಾತ್ರ ತೆರೆಯುತ್ತದೆ. ಎಷ್ಟೋ ಸಂದರ್ಭಗಳಲ್ಲಿ ಒಂದೆರಡು ಮೂತಿಗಳೇ ಬೆಂಕಿಯನ್ನು ತಡೆದು ನಿಲ್ಲಿಸುತ್ತವೆ. ಮನುಷ್ಯನು ಎಚ್ಚರವಾಗಿರಲಿ, ನಿದ್ರೆಯಲ್ಲಿರಲಿ, ಅದು ತನ್ನ ಕೆಲಸವನ್ನು ಮಾಡುತ್ತದೆ.

ಈ ಸಾಧನದ ಇತಿಹಾಸ ಒಂದೂವರೆ ಶತಮಾನದ್ದು. ಅಮೆರಿಕದ ನ್ಯೂ ಹೇವನ್ ನಗರದ ಹೆನ್ರಿ ಪಾರ್ಮಲೀ ಎಂಬಾತನು 1874ರಲ್ಲಿ ತನ್ನ ಪಿಯಾನೋ ಕಾರ್ಖಾನೆಯ ರಕ್ಷಣೆಗಾಗಿ ಸ್ವಯಂಚಾಲಿತ ಜಲಸಿಂಚಕವನ್ನು ರೂಪಿಸಿದನು. ಮುಂದೆ ಫ್ರೆಡರಿಕ್ ಗ್ರಿನೆಲ್ ಅದನ್ನು ಸುಧಾರಿಸಿದನು. ಒಬ್ಬೊಬ್ಬರು ಒಂದೊಂದು ಬಗೆಯಾಗಿ ಕೊಳವೆ ಜೋಡಿಸತೊಡಗಿದಾಗ ಎಲ್ಲಕ್ಕೂ ಒಂದೇ ನಿಯಮವಿರಲೆಂದು 1896ರಲ್ಲಿ ಅಲ್ಲಿನ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘವು ಸ್ಥಾಪಿತವಾಯಿತು.

ಶಾಲೆಗಳಿಗೆ ಈ ಸಾಧನದ ಅಗತ್ಯವನ್ನು ಲೋಕವು ಬಹು ದುಬಾರಿ ಬೆಲೆ ತೆತ್ತು ಕಲಿಯಿತು. 1958ರ ಡಿಸೆಂಬರ್ 1ರಂದು ಷಿಕಾಗೋ ನಗರದ ಅವರ್ ಲೇಡಿ ಆಫ್ ದಿ ಏಂಜಲ್ಸ್ ಎಂಬ ಕ್ರೈಸ್ತ ಧರ್ಮಸಂಸ್ಥೆಯ ಶಾಲೆಯಲ್ಲಿ, ಶಾಲೆ ಬಿಡಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಬೆಂಕಿ ಕಾಣಿಸಿತು. ತೆರೆದ ಮೆಟ್ಟಿಲಹಾದಿಯೇ ಹೊಗೆಗೂಡಾಗಿ ಮೇಲಂತಸ್ತಿನ ತರಗತಿಗಳನ್ನು ಆವರಿಸಿತು. 92 ಮಕ್ಕಳೂ ಅವರಿಗೆ ಪಾಠ ಹೇಳುತ್ತಿದ್ದ 3 ಮಂದಿ ಸಂನ್ಯಾಸಿನಿಯರೂ ಅಸುನೀಗಿದರು. ಆ ಕಟ್ಟಡದಲ್ಲಿ ಜಲಸಿಂಚಕಗಳಿರಲಿಲ್ಲ; ಶಾಲೆಯ ಎಚ್ಚರಿಕೆ ಗಂಟೆಗೆ ಅಗ್ನಿಶಾಮಕ ದಳದೊಡನೆ ಸಂಪರ್ಕವೂ ಇರಲಿಲ್ಲ. ಆದರೆ ಕೆಲವೇ ವಾರಗಳ ಹಿಂದೆ ಆ ಶಾಲೆ ಅಗ್ನಿಸುರಕ್ಷತೆಯ ತಪಾಸಣೆಯಲ್ಲಿ ಉತ್ತೀರ್ಣವಾಗಿತ್ತು! ಹೊಸ ನಿಯಮಗಳು ಹಳೆಯ ಕಟ್ಟಡಗಳಿಗೆ ಅನ್ವಯಿಸುತ್ತಿರಲಿಲ್ಲವಾದ ಕಾರಣ ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಮರುವರ್ಷ ಲಾಸ್ ಏಂಜಲೀಸ್ ನಗರದ ಅಗ್ನಿಶಾಮಕ ದಳದವರು ಕೆಡವಲಿದ್ದ ಹಳೆಯ ಶಾಲೆಯೊಂದರಲ್ಲಿ ಬುದ್ಧಿಪೂರ್ವಕವಾಗಿ ಬೆಂಕಿಯಿಟ್ಟು ಪ್ರಯೋಗಗಳನ್ನು ನಡೆಸಿ, ತೆರೆದ ಮೆಟ್ಟಿಲಹಾದಿಯ ಶಾಲೆಗಳಲ್ಲಿ ಜಲಸಿಂಚಕಗಳ ಪ್ರಯೋಜನವನ್ನು ಸಿದ್ಧಪಡಿಸಿ ತೋರಿದರು.

ಸಾಧನವಿದ್ದರೂ ಸೋಲುವುದೇಕೆ?

ಅಮೆರಿಕದ ಸಂಘವು ಹಲವು ದಶಕಗಳಿಂದ ಸಂಗ್ರಹಿಸಿರುವ ಅಂಕಿ ಅಂಶಗಳಂತೆ, ಜಲಸಿಂಚಕಗಳನ್ನು ತೆರೆಸುವಷ್ಟು ದೊಡ್ಡದಾದ ಬೆಂಕಿಗಳಲ್ಲಿ ಹತ್ತರಲ್ಲಿ ಒಂಬತ್ತು ಸಲ ಅವು ಕೆಲಸ ಮಾಡಿವೆ. ಉಳಿದ ಒಂದು ಸಲ ಅವು ಸೋತದ್ದೇಕೆ? ಅಂಥ ಪ್ರಸಂಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಿಗೆ ಕಾರಣ ಒಂದೇ: ನೀರಿನ ಕವಾಟವನ್ನು ಯಾರೋ ಮೊದಲೇ ಮುಚ್ಚಿದ್ದರು. ಯಂತ್ರದ ದೋಷವಲ್ಲ, ಗಾಜಿನ ದೋಷವಲ್ಲ. ಕೊಳವೆ ದುರಸ್ತಿಗೆಂದು ಮುಚ್ಚಿದ್ದನ್ನು ಮತ್ತೆ ತೆರೆಯಲು ಮರೆತಿದ್ದರು. ಅಥವಾ ಎಲ್ಲೋ ಸೋರುತ್ತಿದೆಯೆಂದು ಮುಚ್ಚಿ ಸುಮ್ಮನಾಗಿದ್ದರು. ಕೆಳಗೆ ನಿಂತು ನೋಡುವವನಿಗೆ ಮಾಳಿಗೆಯಲ್ಲಿ ಮೂತಿಗಳು ಮಿರುಗುತ್ತಿರುತ್ತವೆ. ನೀರು ಮಾತ್ರ ಬರುವುದಿಲ್ಲ. ಇಲ್ಲದ ರಕ್ಷಣೆಗಿಂತ ಇದೆಯೆಂದು ಭ್ರಮಿಸಿದ ರಕ್ಷಣೆ ಹೆಚ್ಚು ಅಪಾಯಕರ.

ಆದುದರಿಂದ ಸ್ಥಾಪನೆಯ ನಿಯಮಗಳೊಂದಿಗೆ ಪಾಲನೆಯ ನಿಯಮಗಳೂ ಬೇಕಾದುವು. ನೀರನ್ನು ಆಧರಿಸಿದ ಅಗ್ನಿರಕ್ಷಣಾ ವ್ಯವಸ್ಥೆಗಳ ಪರಿಶೀಲನೆ, ಪರೀಕ್ಷೆ, ಪಾಲನೆಗಳಿಗಾಗಿ ಆ ಸಂಘವು ‘ಎನ್.ಎಫ್.ಪಿ.ಎ. 25’ ಎಂಬ ಸಂಹಿತೆಯನ್ನು 1992ರಲ್ಲಿ ಮೊದಲು ಪ್ರಕಟಿಸಿತು. ಸಂಘವು ಸರ್ಕಾರವಲ್ಲ, ರಾಜ್ಯವೋ ನಗರವೋ ಅಂಗೀಕರಿಸಿದಾಗ ಮಾತ್ರ ಆ ಸಂಹಿತೆಗೆ ಕಾನೂನಿನ ಬಲ ಬರುತ್ತದೆ. ಬೀಗ ಹಾಕಿದ ಕವಾಟಗಳು ತೆರೆದಿವೆಯೇ ಎಂದು ತಿಂಗಳಿಗೊಮ್ಮೆ ನೋಡುವುದು, ಎಲ್ಲ ಮೂತಿಗಳನ್ನೂ ನೆಲದ ಮೇಲಿನಿಂದ ವರ್ಷಕ್ಕೊಮ್ಮೆ ಕಣ್ಣಿಟ್ಟು ಪರೀಕ್ಷಿಸುವುದು, ಮುಖ್ಯ ಕೊಳವೆಯ ನೀರನ್ನು ಹರಿಯಬಿಟ್ಟು ಒತ್ತಡ ಕುಗ್ಗಿದೆಯೇ ಎಂದು ಅಳೆಯುವುದು, ಐದು ವರ್ಷಕ್ಕೊಮ್ಮೆ ಕೊಳವೆಯ ಒಳಗೆ ತುಕ್ಕು ಕಸಗಳು ಕಟ್ಟಿವೆಯೇ ಎಂದು ತೆರೆದು ನೋಡುವುದು, 50 ವರ್ಷ ತುಂಬಿದ ಸಾಮಾನ್ಯ ಮೂತಿಗಳಲ್ಲಿ ಕೆಲವನ್ನು ಕಳಚಿ ಪ್ರಯೋಗಶಾಲೆಗೆ ಕಳುಹಿಸುವುದು ಇವೇ ಮೊದಲಾದ ವಿಧಿಗಳು ಅದರಲ್ಲಿವೆ. ಕಂಡ ದೋಷಗಳನ್ನೂ ಅದು ಮೂರು ತರಗತಿಗಳಾಗಿ ವಿಂಗಡಿಸುತ್ತದೆ: ವ್ಯವಸ್ಥೆಯೇ ನಿಷ್ಕ್ರಿಯವಾಗಿರುವುದು, ಅದರ ಕಾರ್ಯಕ್ಕೆ ಗುರುತರವಾದ ಧಕ್ಕೆ ತರುವ ನ್ಯೂನತೆ, ಧಕ್ಕೆ ತಾರದ ಸಣ್ಣ ನ್ಯೂನತೆ. ವ್ಯವಸ್ಥೆ ನಿಷ್ಕ್ರಿಯವಾದಾಗ ಅಗ್ನಿಶಾಮಕ ದಳಕ್ಕೆ ತಿಳಿಸಬೇಕೆಂದೂ, 24 ಗಂಟೆಗಳಲ್ಲಿ 10 ಗಂಟೆಗಳಿಗಿಂತ ಹೆಚ್ಚು ಕಾಲ ಹಾಗಿದ್ದರೆ ಜನರನ್ನು ತೆರವುಗೊಳಿಸುವುದೋ ಕಾವಲುಗಾರರನ್ನು ನಿಲ್ಲಿಸುವುದೋ ಮುಂತಾದ ಬದಲಿ ಏರ್ಪಾಡು ಮಾಡಬೇಕೆಂದೂ ಅದು ವಿಧಿಸುತ್ತದೆ.

ಫಿಲಡೆಲ್ಫಿಯದ ಪಾಠ

ವರದಿಯ ಮಾತು ಕೇವಲ ಕಾಗದದ ಮಾತಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ನೋಡಬಹುದು. 1991ರ ಫೆಬ್ರುವರಿ 23ರ ರಾತ್ರಿ ಫಿಲಡೆಲ್ಫಿಯ ನಗರದ ವನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತುಗಳ ಕಟ್ಟಡದ 22ನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿತು. ಮರಕ್ಕೆ ಎಣ್ಣೆ ಬಳಿದು ಕೆಲಸಗಾರರು ಬಿಟ್ಟುಹೋಗಿದ್ದ ಅರಿವೆಗಳೇ ತಾವಾಗಿ ಕಾದು ಉರಿದುವು. ಆ ಅಂತಸ್ತಿನಲ್ಲಿ ಜಲಸಿಂಚಕಗಳಿರಲಿಲ್ಲ. ಅಗ್ನಿಶಾಮಕ ಭಟರು ಮೇಲೇರಿ ಕಟ್ಟಡದ ನಿಲುಗೊಳವೆಗೆ ತಮ್ಮ ಹೋಸು ಪೈಪುಗಳನ್ನು ಜೋಡಿಸಿದರು. ನೀರು ಬಂದಿತು; ಆದರೆ ಬೆಂಕಿಯನ್ನು ಅಟ್ಟುವಷ್ಟು ಒತ್ತಡ ಅದಕ್ಕಿರಲಿಲ್ಲ. ಎತ್ತರದ ಕಟ್ಟಡಗಳಲ್ಲಿ ಅತಿಯಾದ ಒತ್ತಡವನ್ನು ಇಳಿಸಲು ಇಡುವ ಕವಾಟಗಳನ್ನು ಬೇಕಾದುದಕ್ಕಿಂತ ಬಹಳ ಕೆಳಮಟ್ಟಕ್ಕೆ ಹೊಂದಿಸಲಾಗಿತ್ತು. ಈ ಸಂಗತಿ ಮೇಲೇರಿದ ಭಟರಿಗೆ ತಿಳಿದಿರಲಿಲ್ಲ. ವಿದ್ಯುತ್ತೂ ನಿಂತುಹೋದುದರಿಂದ ಕತ್ತಲು ಕವಿದಿತ್ತು. ಕವಾಟಗಳನ್ನು ಸರಿಪಡಿಸಬಲ್ಲ ತಂತ್ರಜ್ಞನೊಬ್ಬನು ಬಂದು ಕೈಹಾಕುವ ಹೊತ್ತಿಗೆ ಹಲವು ಗಂಟೆಗಳು ಕಳೆದಿದ್ದುವು. ಮೂವರು ಅಗ್ನಿಶಾಮಕ ಭಟರು ಹೊಗೆಯಲ್ಲಿ ದಾರಿ ತಪ್ಪಿ ಪ್ರಾಣಾರ್ಪಣೆ ಮಾಡಿದರು.

ಕಡೆಗೆ ಅಧಿಕಾರಿಗಳು ಕಟ್ಟಡ ಕುಸಿದೀತೆಂದು ಭಟರೆಲ್ಲರನ್ನೂ ಹೊರಕ್ಕೆ ಕರೆಸಿಕೊಂಡರು. ಹದಿನೆಂಟು ಗಂಟೆಗಳಿಗೂ ಹೆಚ್ಚು ಕಾಲ ಉರಿದ ಆ ಬೆಂಕಿಯನ್ನು 30ನೆಯ ಅಂತಸ್ತಿನಲ್ಲಿ ತಡೆದು ನಿಲ್ಲಿಸಿದುದು ಹೊರಗಿನ ಪಂಪುಗಳಿಂದ ನೀರು ಪಡೆದ 10 ಜಲಸಿಂಚಕಗಳು. ನೂರಾರು ಭಟರಿಂದಾಗದ ಕೆಲಸವನ್ನು ಹತ್ತು ಮೂತಿಗಳು ಮಾಡಿದುವು. ಇಡೀ ಪ್ರಸಂಗದ ಎರಡು ಸಾರಗಳೂ ಇಲ್ಲಿ ಒಂದೆಡೆ ಸೇರಿವೆ: ಸುಸ್ಥಿತಿಯಲ್ಲಿರುವ ಸಾಧನವು ಎಷ್ಟನ್ನು ಸಾಧಿಸಬಲ್ಲದು, ದುಸ್ಥಿತಿಯಲ್ಲಿರುವುದನ್ನು ಅರಿಯದೆ ಅದನ್ನೇ ನಂಬಿ ಹೋದವರಿಗೆ ಏನಾಗಬಲ್ಲದು.

ವರದಿ ಸಾಗುವ ದಾರಿ

ಪರಿಶೀಲನೆಯಲ್ಲಿ ಮೂವರು ಪಾತ್ರಧಾರಿಗಳಿದ್ದಾರೆ. ಕಟ್ಟಡದ ಒಡೆಯನು ಮೊದಲನೆಯವನು. ಪಾಲನೆಯ ಹೊಣೆ ಅವನದು. ಎರಡನೆಯವನು ಅವನು ನೇಮಿಸಿಕೊಂಡ ಪರಿಶೀಲಕ. ಮೂರನೆಯವನು ಸ್ಥಳೀಯ ಅಗ್ನಿಶಾಮಕ ಅಧಿಕಾರಿ. ಹಿಂದೆ ಅಮೆರಿಕದ ಬಹುತೇಕ ಊರುಗಳಲ್ಲಿ ವರದಿಯು ಎರಡನೆಯವನಿಂದ ಮೊದಲನೆಯವನಿಗೆ ಬಂದು ಅಲ್ಲಿಯೇ ತಂಗುತ್ತಿತ್ತು. ಅಧಿಕಾರಿ ಕೇಳಿದಾಗ ತೋರಿಸಿದರೆ ಸಾಕಾಗಿತ್ತು. ಆದರೆ ಅಧಿಕಾರಿಯ ಬಳಿ ಕಟ್ಟಡಗಳು ಸಾವಿರ, ಸಿಬ್ಬಂದಿ ನಾಲ್ಕಾರು, ಅವನು ಕೇಳುವುದೆಂದು?

ಈ ಕಾರಣದಿಂದ ಅನೇಕ ನಗರಗಳು ಪರಿಶೀಲಕನೇ ವರದಿಯ ಪ್ರತಿಯನ್ನು ನೇರವಾಗಿ ಅಗ್ನಿಶಾಮಕ ಕಛೇರಿಗೆ ಕಳುಹಿಸಬೇಕೆಂದು ವಿಧಿಸಿದುವು. ಕೆಲವು ಊರುಗಳು ಎಲ್ಲ ವರದಿಗಳನ್ನೂ ತರಿಸಿಕೊಂಡರೆ, ಕೆಲವು ದೋಷವುಳ್ಳವನ್ನು ಮಾತ್ರ ಕೇಳುತ್ತವೆ. ಮೊದಲು ಅಂಚೆಯಲ್ಲಿ ಬರುತ್ತಿದ್ದ ಕಾಗದಗಳು ಈಗ ಹೆಚ್ಚಾಗಿ ಗಣಕಯಂತ್ರದ ಮೂಲಕ ಬರುತ್ತವೆ. ಟೆಕ್ಸಾಸ್ ರಾಜ್ಯದಲ್ಲಿ ಬಣ್ಣದ ಚೀಟಿಗಳ ಪದ್ಧತಿಯುಂಟು. ನ್ಯೂನತೆ ಕಂಡರೆ ಹಳದಿ ಚೀಟಿಯನ್ನೂ, ವ್ಯವಸ್ಥೆ ಕೆಲಸ ಮಾಡದ ಸ್ಥಿತಿಯಲ್ಲಿದ್ದರೆ ಕೆಂಪು ಚೀಟಿಯನ್ನೂ ಪರಿಶೀಲಕನು ಅಲ್ಲಿಯೇ ಕಟ್ಟಿ, ಒಡೆಯನಿಗೂ ಸ್ಥಳೀಯ ಅಧಿಕಾರಿಗೂ ತಿಳಿಸಬೇಕು.

ಈ ಪದ್ಧತಿಗೆ ಆಕ್ಷೇಪಗಳೂ ಇಲ್ಲದಿಲ್ಲ. ಅವುಗಳಲ್ಲಿ ಹುರುಳೂ ಇಲ್ಲದಿಲ್ಲ. ದೋಷವನ್ನು ದಳಕ್ಕೆ ತಿಳಿಸುವ ಪರಿಶೀಲಕನನ್ನು ಒಡೆಯನು ಮುಂದಿನ ವರ್ಷ ಕರೆಯದೆ, ಕಣ್ಣುಮುಚ್ಚಿ ಸಹಿ ಹಾಕುವವನನ್ನು ಕರೆದಾನು ಎಂಬುದು ಒಂದು. ನಿಯಮವು ಎಲ್ಲ ಪರಿಶೀಲಕರಿಗೂ ಸಮಾನವಾಗಿದ್ದರೆ ಈ ಭಯವು ಬಹುಮಟ್ಟಿಗೆ ಕಳೆಯುತ್ತದೆ. ತಿಳಿಸುವುದು ಅವನ ಇಚ್ಛೆಯಲ್ಲ, ಕರ್ತವ್ಯವೆಂದಾದಾಗ ಒಡೆಯನಿಗೆ ಅವನ ಮೇಲೆ ಮುನಿಯಲು ಎಡೆಯಿರುವುದಿಲ್ಲ. ಸಣ್ಣಪುಟ್ಟ ಕುಂದುಗಳಿಗೂ ದಂಡ ಬಿದ್ದೀತೆಂಬುದು ಎರಡನೆಯದು. ದೋಷಗಳನ್ನು ತರತಮದಿಂದ ವಿಂಗಡಿಸಿ, ತಿದ್ದಲು ಯುಕ್ತವಾದ ಕಾಲಾವಕಾಶ ಕೊಡುವುದೇ ಅದಕ್ಕೆ ಪರಿಹಾರ. ರಾಶಿರಾಶಿಯಾಗಿ ಬರುವ ವರದಿಗಳನ್ನು ಓದುವವರಾರು ಎಂಬುದು ಮೂರನೆಯ ಆಕ್ಷೇಪ. ಮೂರರಲ್ಲಿ ಗುರುತರವಾದುದು ಇದೇ. ಓದದ ವರದಿಯು ಕಳುಹಿಸದ ವರದಿಗಿಂತ ಮೇಲಲ್ಲ. ಒಂದು ದೋಷವನ್ನು ದಳಕ್ಕೆ ತಿಳಿಸಿಯೂ ದಳವು ಸುಮ್ಮನಿದ್ದರೆ ಹೊಣೆ ಯಾರದು ಎಂಬ ಪ್ರಶ್ನೆಯೂ ಏಳುತ್ತದೆ. ಆದುದರಿಂದ ವರದಿ ಕಳುಹಿಸುವುದರಿಂದ ಒಡೆಯನ ಹೊಣೆ ಅಧಿಕಾರಿಯ ಹೆಗಲಿಗೆ ಜಾರುವುದಿಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ. ಹಂಚಿಕೊಂಡಾಗ ಹೆಚ್ಚುವುದು ಅರಿವು. ತಿದ್ದುವ ಹೊಣೆ ಒಡೆಯನಲ್ಲಿಯೇ ನಿಲ್ಲುತ್ತದೆ.

ಇಂಗ್ಲೆಂಡಿನಲ್ಲಿ ಇದೇ ತತ್ತ್ವವು ದುರಂತವೊಂದರ ತರುವಾಯ ಕಾನೂನಿನ ರೂಪ ತಾಳಿತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಗೋಪುರದಲ್ಲಿ ಬೆಂಕಿ ಹಬ್ಬಿ 72 ಮಂದಿ ಮಡಿದರು. ಆ ಬಳಿಕ ರಚಿತವಾಗಿ 2023ರ ಜನವರಿ 23ರಿಂದ ಜಾರಿಗೆ ಬಂದ ನಿಯಮಗಳ ಮೇರೆಗೆ, 18 ಮೀಟರ್ ಎತ್ತರ ಅಥವಾ 7 ಅಂತಸ್ತುಗಳಿಗೆ ಕಡಮೆಯಿಲ್ಲದ ವಸತಿ ಕಟ್ಟಡಗಳ ಹೊಣೆಗಾರರು ಅಂತಸ್ತುಗಳ ನಕ್ಷೆಯನ್ನು ಸ್ಥಳೀಯ ಅಗ್ನಿಶಾಮಕ ಸೇವೆಗೆ ಒಪ್ಪಿಸಬೇಕು. ಲಿಫ್ಟು, ಅಗ್ನಿಶಾಮಕ ಸಾಧನಗಳನ್ನು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಕೆಟ್ಟುದನ್ನು 24 ಗಂಟೆಗಳೊಳಗೆ ಸರಿಪಡಿಸಲಾಗದಿದ್ದರೆ ಆ ಸೇವೆಗೆ ತಿಳಿಸಬೇಕು. ಸರಿಪಡಿಸಿದ ಮೇಲೆ ಅದನ್ನೂ ತಿಳಿಸಬೇಕು. ಪರೀಕ್ಷೆಯ ದಾಖಲೆ ನಿವಾಸಿಗಳಿಗೂ ದೊರೆಯುವಂತಿರಬೇಕು.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಅಗ್ನಿಶಾಮಕ ಸೇವೆ ರಾಜ್ಯಗಳಿಗೂ ನಗರಸಭೆಗಳಿಗೂ ಸೇರಿದ ವಿಷಯ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ಅಗ್ನಿಸುರಕ್ಷತೆಯನ್ನು ವಿವರಿಸುತ್ತದೆ. ವರದಿ ಹಂಚಿಕೆಯ ವಿಚಾರದಲ್ಲಿ ನೆರೆಯ ಮಹಾರಾಷ್ಟ್ರದ 2006ರ ಅಧಿನಿಯಮವು ಗಮನಾರ್ಹ. ಅದರ ಪ್ರಕಾರ ಪರವಾನಗಿ ಪಡೆದ ಸಂಸ್ಥೆಯಿಂದ ಸಾಧನಗಳನ್ನು ಪರೀಕ್ಷಿಸಿ, ಅವು ಸುಸ್ಥಿತಿಯಲ್ಲಿವೆಯೆಂಬ ಪ್ರಮಾಣಪತ್ರವನ್ನು ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ, ಅಂದರೆ ವರ್ಷಕ್ಕೆರಡು ಬಾರಿ, ಅಗ್ನಿಶಾಮಕ ಅಧಿಕಾರಿಗೆ ಒಪ್ಪಿಸುವುದು ಒಡೆಯನ ಅಥವಾ ವಾಸಿಸುವವನ ಕರ್ತವ್ಯ.

ಕರ್ನಾಟಕದಲ್ಲಿ ಅಗ್ನಿಶಾಮಕ ದಳವು 1964ರ ಅಧಿನಿಯಮದಂತೆ ನಡೆದು ಬಂದಿದೆ. ಈ ನಾಡೂ ಬೆಂಕಿಯ ಪೆಟ್ಟನ್ನು ತಿನ್ನದೆ ಉಳಿದಿಲ್ಲ. 2010ರ ಫೆಬ್ರುವರಿ 23ರಂದು, ಅಂದರೆ ಫಿಲಡೆಲ್ಫಿಯದ ದುರಂತ ಸಂಭವಿಸಿದ ತಾರೀಖಿನಂದೇ, ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಹಾದಿಯಲ್ಲಿ ಬೆಂಕಿ ಹೊತ್ತಿ ಹೊಗೆ ತುಂಬಿತು. 9 ಮಂದಿ ಅಸುನೀಗಿದರು. ಉಸಿರು ಕಟ್ಟಿ ಮೇಲಿಂದ ಹಾರಿದವರೂ ಅವರಲ್ಲಿದ್ದರು. ಅದಕ್ಕೂ ಮುಂಚೆ, 2004ರ ಜುಲೈ 16ರಂದು, ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ತಗುಲಿ 94 ಎಳೆಯ ಮಕ್ಕಳು ಸುಟ್ಟುಹೋದರು. ಆ ದುರಂತದ ಹಿನ್ನೆಲೆಯಲ್ಲಿ ಹೂಡಲಾದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ತೀರ್ಪು ನೀಡಿ, ಮಕ್ಕಳ ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಅಡಗಿದೆಯೆಂದು ಸಾರಿತು.

ಒಂದೆರಡು ಅಂತಸ್ತುಗಳ ಶಾಲೆಗಳಲ್ಲಿ ಜಲಸಿಂಚಕಗಳು ಕಾಣಸಿಗುವುದು ವಿರಳ. ಆದರೆ ಮೇಲಿನ ತತ್ತ್ವವು ಗೋಡೆಗೆ ತೂಗುಹಾಕಿದ ಕೆಂಪು ಅಗ್ನಿಶಾಮಕ ಸಿಲಿಂಡರಿಗೂ, ನೀರಿನ ತೊಟ್ಟಿಗೂ, ಪಂಪಿಗೂ, ಪ್ರಸಾದನಿಲಯದ ಅಡುಗೆಮನೆಯ ಗ್ಯಾಸಿಗೂ, ಮಲಗುವ ಕೊಠಡಿಗಳ ಎರಡನೆಯ ಬಾಗಿಲಿಗೂ ಅಷ್ಟೇ ಸಲ್ಲುತ್ತದೆ. ಸಿಲಿಂಡರಿನ ಅವಧಿ ಮುಗಿದಿರಬಹುದು. ಹಿಂಬಾಗಿಲಿಗೆ ಬೀಗ ಬಿದ್ದು ಬೀಗದಕೈ ಕಾವಲುಗಾರನ ಊರಿನಲ್ಲಿರಬಹುದು. ಅಗ್ನಿಶಾಮಕ ವಾಹನ ಒಳಬರುವ ದಾರಿಯಲ್ಲಿ ಜಾತ್ರೆಯ ಚಪ್ಪರದ ಕಂಬಗಳನ್ನು ನೆಟ್ಟಿರಬಹುದು. ಇವು ಒಳಗಿನವರಿಗೆ ಕಣ್ಣಿಗೆ ಒಗ್ಗಿಹೋದ ಸಂಗತಿಗಳು. ಹೊರಗಿನಿಂದ ಬಂದ ಬಲ್ಲವನ ಕಣ್ಣಿಗೆ ಮಾತ್ರ ಎದ್ದು ಕಾಣುತ್ತವೆ.

ಇದಕ್ಕೆ ಬಹು ಹಣವೇನೂ ಬೇಕಾಗಿಲ್ಲ. ಕಟ್ಟಡದ ನಕ್ಷೆ, ಬಾಗಿಲುಗಳು, ನೀರಿನ ಮೂಲ, ತೊಟ್ಟಿಯ ಪ್ರಮಾಣ, ಸಾಧನಗಳ ಸ್ಥಿತಿ, ರಾತ್ರಿ ಒಳಗೆ ಮಲಗುವ ಮಕ್ಕಳ ಸಂಖ್ಯೆ, ಬೀಗದಕೈ ಯಾರ ಬಳಿ ಎಂಬ ವಿವರ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ ತಾಲ್ಲೂಕಿನ ಅಗ್ನಿಶಾಮಕ ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆಯಬಹುದು. ಠಾಣಾಧಿಕಾರಿಯನ್ನು ಆಹ್ವಾನಿಸಿ, ಅವರು ಹೇಳಿದ ಕುಂದುಗಳನ್ನೂ ತಿದ್ದಿದ ದಿನಾಂಕವನ್ನೂ ಒಂದು ಪುಸ್ತಕದಲ್ಲಿ ದಾಖಲಿಸಬಹುದು. ಪಂಪು ಕೆಟ್ಟ ದಿನ ದೂರವಾಣಿಯಲ್ಲಿ ತಿಳಿಸಿ, ಸರಿಯಾದ ದಿನ ಮತ್ತೆ ತಿಳಿಸಬಹುದು. ಕುಂದನ್ನು ಹೇಳಿಕೊಂಡರೆ ಸಂಸ್ಥೆಯ ಗೌರವಕ್ಕೆ ಕೊರತೆಯೆಂಬ ಸಂಕೋಚ ಸಹಜ. ಆದರೆ ವೈದ್ಯನಿಂದ ರೋಗವನ್ನು ಮುಚ್ಚಿಟ್ಟವನಿಗೆ ಮಾನ ಉಳಿದರೂ ದೇಹ ಉಳಿಯದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆಯನ್ನು ಎಲ್ಲರೂ ಬಲ್ಲರು. ತೋಡಿದ ಬಾವಿಯಲ್ಲಿ ನೀರಿದೆಯೇ ಎಂದು ನೋಡುವುದೂ, ಅದು ಎಲ್ಲಿದೆಯೆಂದು ಆರಿಸಲು ಬರುವವರಿಗೆ ಹೇಳುವುದೂ ಆ ಗಾದೆಯ ಒಳಗೇ ಇದೆ.

ದಾನಿಗಳ ಪಾಲಿಗೂ ಇಲ್ಲೊಂದು ಮಾತುಂಟು. ಕನ್ನಡ ನಾಡಿನ ಪ್ರಾಚೀನ ಶಾಸನಗಳಲ್ಲಿ ದೇವಾಲಯಕ್ಕೆ ಭೂಮಿ ಬಿಟ್ಟಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದು, ಬಿರುಕು ಬಿಟ್ಟುದು, ಹಳತಾದುದು ಇವನ್ನು ಸರಿಪಡಿಸಲೆಂದೇ ದತ್ತಿಯಲ್ಲಿ ಪಾಲನ್ನು ಮೀಸಲಿಡುತ್ತಿದ್ದರು. ಕೆರೆ ಕಟ್ಟಿಸಿದವರು ಅದರ ಪಾಲನೆಗೂ ಭೂಮಿ ಬಿಡುತ್ತಿದ್ದರು. ಕಟ್ಟಿಸುವುದರಿಂದ ಬರುವ ಪುಣ್ಯ ಪಾಲಿಸುವುದರಿಂದಲೇ ಉಳಿಯುತ್ತದೆಂಬುದನ್ನು ಆ ಹಿರಿಯರು ಅರಿತಿದ್ದರು. ಇಂದಿನ ದಾನಿಯು ಕೊಠಡಿಯೊಂದನ್ನು ಕಟ್ಟಿಸಿಕೊಟ್ಟಾಗ ಅದರ ಬಾಗಿಲ ಮೇಲೆ ಹೆಸರಿನ ಫಲಕವನ್ನು ಹಾಕುವುದು ಯೋಗ್ಯವೇ ಸರಿ. ಆ ಫಲಕದ ಕೆಳಗೆ ಮಲಗುವ ಮಗುವು ಬೆಳಿಗ್ಗೆ ಕ್ಷೇಮವಾಗಿ ಏಳುವಂತೆ ನೋಡಿಕೊಳ್ಳಲು ವರ್ಷಕ್ಕೊಮ್ಮೆ ನಡೆಯುವ ಪರಿಶೀಲನೆಗೂ, ಅದರಲ್ಲಿ ಕಂಡುದನ್ನು ತಿದ್ದುವ ದುರಸ್ತಿಗೂ ಅಲ್ಪ ನಿಧಿಯೊಂದನ್ನು ಜೊತೆಗಿಟ್ಟರೆ ಆ ದಾನವು ಪೂರ್ಣವಾಗುತ್ತದೆ.